ಕಾಂಪೌಂಡಿನ ಬಣ್ಣ: ಚದರಡಿಯ ಲೆಕ್ಕ, ವರ್ಷದ ಲೆಕ್ಕ

ಮನೆಗೆ ಬಣ್ಣ ಹೊಡೆಸುವಾಗ ಕಾಂಪೌಂಡಿನ ಸರದಿ ಬರುವುದು ಕೊನೆಗೆ. ಒಳಗಿನ ಕೋಣೆಗಳು, ಹಜಾರ, ಹೊರಗೋಡೆ ಎಲ್ಲ ಮುಗಿದು, ಕೈಯಲ್ಲಿದ್ದ ದುಡ್ಡೂ ಕರಗುತ್ತ ಬಂದಾಗ, ಬಕೆಟ್ಟಿನ ತಳದಲ್ಲಿ ಉಳಿದದ್ದಕ್ಕೆ ಒಂದಿಷ್ಟು ನೀರು ಬೆರೆಸಿ ಕಾಂಪೌಂಡಿಗೆ ಎಳೆಸಿಬಿಡುವುದು ಬಹಳ ಕಡೆ ನಡೆದುಬಂದ ರೂಢಿ. ಆದರೆ ಮನೆಯ ಗೋಡೆಗಳಲ್ಲೆಲ್ಲ ಹೆಚ್ಚು ಪೆಟ್ಟು ತಿನ್ನುವುದು ಇದೇ ಗೋಡೆ. ಹೊರಗೋಡೆಗೆ ಮೇಲೆ ಸಜ್ಜಾ ಇರುತ್ತದೆ, ತಾರಸಿಯ ಅಂಚಿರುತ್ತದೆ. ಕಾಂಪೌಂಡಿಗೆ ನೆತ್ತಿಯ ಮೇಲೆ ಏನೂ ಇಲ್ಲ. ಎರಡೂ ಮುಖಗಳ ಮೇಲೆ ಮಳೆ ಹೊಡೆಯುತ್ತದೆ, ತಲೆಯಿಂದ ನೀರಿಳಿಯುತ್ತದೆ, ಬುಡದಿಂದ ತೇವ ಏರುತ್ತದೆ, ರಸ್ತೆಯ ಕೆಸರು ಸಿಡಿಯುತ್ತದೆ. ಅದಕ್ಕೆ ತಗಲುವ ಖರ್ಚನ್ನು ಮನೆಯ ಬಣ್ಣದ ಬಾಲವೆಂದು ನೋಡದೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಲೆಕ್ಕ ಶುರುವಾಗುವುದು ಅಳತೆಯಿಂದ. ಕಾಂಪೌಂಡ್ ಕಟ್ಟುವ ಮೇಸ್ತ್ರಿ ರನ್ನಿಂಗ್ ಫೀಟಿನಲ್ಲಿ ಮಾತನಾಡುತ್ತಾನೆ. ಬಣ್ಣದವರು ಚದರಡಿಯಲ್ಲಿ ಮಾತನಾಡುತ್ತಾರೆ. ಉದ್ದವನ್ನು ಎತ್ತರದಿಂದ ಗುಣಿಸಿದರೆ ಒಂದು ಮುಖದ ಚದರಡಿ ಸಿಗುತ್ತದೆ. ಎರಡು ಮುಖಕ್ಕೆ ಅದರ ಎರಡರಷ್ಟು, ಮೇಲೆ ತಲೆಯ ದಪ್ಪ. ಎಷ್ಟು ಮುಖ ಬಳಿಯಬೇಕು ಎಂಬುದನ್ನು ಮೊದಲೇ ಮಾತನಾಡಿಕೊಳ್ಳದೆ ಹೋದರೆ ಜಗಳ ಹುಟ್ಟುವುದು ಇಲ್ಲೇ. ಊರುಗಳ ಬಡಾವಣೆಗಳಲ್ಲಿ ಸಾಮಾನ್ಯವಾದ ಮೂವತ್ತು-ನಲವತ್ತರ ನಿವೇಶನವನ್ನೇ ತೆಗೆದುಕೊಳ್ಳಬಹುದು. ಮೂವತ್ತು ಅಡಿ ರಸ್ತೆಯ ಕಡೆ, ನಲವತ್ತು ಅಡಿ ಒಳಕ್ಕೆ. ಸುತ್ತಳತೆ 140 ಅಡಿ. ಗೇಟಿಗೆ 10 ಅಡಿ ಬಿಟ್ಟರೆ ಗೋಡೆ 130 ಅಡಿ. ಎತ್ತರ 5 ಅಡಿ ಎಂದರೆ ಒಂದು ಮುಖಕ್ಕೆ 650 ಚದರಡಿ, ಎರಡೂ ಮುಖಕ್ಕೆ 1,300. ಗಾರೆಯೂ ಸೇರಿ ಅರ್ಧ ಅಡಿ ದಪ್ಪದ ಗೋಡೆಯ ತಲೆಗೆ ಇನ್ನೂ 65. ಒಟ್ಟು 1,365 ಚದರಡಿ.

ವಾಸ್ತವದಲ್ಲಿ ಇಷ್ಟನ್ನೂ ಬಳಿಯುವ ಮನೆ ಕಡಿಮೆ. ಅಕ್ಕಪಕ್ಕದ ಮತ್ತು ಹಿಂದಿನ ಗೋಡೆಯ ಆಚೆ ಮುಖ ಪಕ್ಕದ ಮನೆಯವರ ಅಂಗಳಕ್ಕೆ ಸೇರಿರುತ್ತದೆ. ಅದನ್ನು ಅವರು ತಮ್ಮ ಮನೆಯ ಬಣ್ಣಕ್ಕೆ ಹೊಂದಿಸಿಕೊಂಡಿರುತ್ತಾರೆ. ಆಗ ಈ ಮನೆಗೆ ಉಳಿಯುವುದು ಒಳಮುಖದ 650, ರಸ್ತೆ ಕಡೆಯ 20 ಅಡಿ ಗೋಡೆಯ ಹೊರಮುಖದ 100, ತಲೆಯ 65, ಅಂದರೆ 815 ಚದರಡಿ. ಒಂದೇ ಕಾಂಪೌಂಡು, ಎರಡು ಲೆಕ್ಕ, ನಡುವೆ 550 ಚದರಡಿ ವ್ಯತ್ಯಾಸ. ಟೇಪು ಹಿಡಿದು ಅರ್ಧ ಗಂಟೆ ಓಡಾಡಿದವರಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿರುತ್ತದೆ. ಉಳಿದವರಿಗೆ ಬಿಲ್ಲು ಬಂದಾಗ ಗೊತ್ತಾಗುತ್ತದೆ. ಪಕ್ಕದ ಮನೆಯವರ ಅಂಗಳದಲ್ಲಿ ಹೊಸ ಬಣ್ಣ ಬಿದ್ದು ಎರಡೇ ವರ್ಷವಾಗಿದ್ದರೆ ಆ ಮುಖ ಮುಟ್ಟುವ ಅಗತ್ಯವೂ ಇರುವುದಿಲ್ಲ.

ಗೇಟಿನ ಅಳತೆಗೆ ಬೇರೆ ರೀತಿ. ಕಂಬಿಗಳ ಗೇಟಿನಲ್ಲಿ ಕಂಬಿಗಿಂತ ಖಾಲಿ ಜಾಗವೇ ಹೆಚ್ಚು, ಆದರೆ ಪ್ರತಿ ಕಂಬಿಯ ಸುತ್ತ ಬ್ರಷ್ ತಿರುಗಬೇಕು. ಕಟ್ಟಡ ಕೆಲಸದ ಅಳತೆಗೆ ಭಾರತೀಯ ಮಾನಕ ಸಂಸ್ಥೆ ರೂಪಿಸಿರುವ ಐಎಸ್ 1200ರ ಹದಿನೈದನೇ ಭಾಗ ಬಣ್ಣದ ಕೆಲಸಕ್ಕೇ ಮೀಸಲು. ಅದರ ಪ್ರಕಾರ ಸಂದಿಬಿಟ್ಟ ಕಂಬಿಯ ಬೇಲಿ ಮತ್ತು ಗೇಟುಗಳಿಗೆ ಉದ್ದ ಗುಣಿಸು ಎತ್ತರವನ್ನು ಒಂದು ಸಲ ಮಾತ್ರ ಎಣಿಸಬೇಕು. ಸುತ್ತ ಎಲ್ಲ ಕಡೆ ಬಳಿಯುವ ಕೆಲಸವೂ ಅದರಲ್ಲೇ ಸೇರುತ್ತದೆ. ಅಂದರೆ 10 ಅಡಿ ಅಗಲ, 5 ಅಡಿ ಎತ್ತರದ ಕಂಬಿ ಗೇಟು 50 ಚದರಡಿ. ಪೂರ್ತಿ ತಗಡು ಹೊದಿಸಿದ ಗೇಟಾದರೆ ಎರಡೂ ಮುಖ ಬೇರೆ ಬೇರೆ. ಸಣ್ಣ ಕೆಲಸಗಳಲ್ಲಿ ಪೇಂಟರುಗಳು ಈ ಗೊಡವೆಗೆ ಹೋಗದೆ ಗೇಟಿಗೆ ಇಷ್ಟು ಎಂದು ಒಟ್ಟು ದರ ಹೇಳುವುದೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ತುಕ್ಕು ಕೆರೆಯುವುದೂ ಆ ದರದಲ್ಲಿ ಸೇರಿದೆಯೇ ಎಂದು ಕೇಳಿಕೊಂಡರೆ ಸಾಕು.

ಅಳತೆ ಕೈಗೆ ಬಂದ ಮೇಲೆ ಬಣ್ಣದ ಲೆಕ್ಕ ಸುಲಭ. ಹೊರಗೋಡೆಯ ಎಮಲ್ಷನ್ ಒಂದು ಲೀಟರಿಗೆ, ಎರಡು ಕೋಟು ಸೇರಿ, ಹೆಚ್ಚುಕಡಿಮೆ 50ರಿಂದ 60 ಚದರಡಿ ಬರುತ್ತದೆ. ಗಾರೆ ಒರಟಾಗಿದ್ದರೆ ಇನ್ನೂ ಕಡಿಮೆ. ಕಾಂಪೌಂಡಿನ ಗಾರೆ ಮನೆಯ ಗೋಡೆಯಷ್ಟು ನಯವಾಗಿರುವುದು ಅಪರೂಪವಾದ್ದರಿಂದ 50 ಎಂದೇ ಹಿಡಿಯುವುದು ಕ್ಷೇಮ. 815 ಚದರಡಿಗೆ ಹದಿನಾರೂ ಚಿಲ್ಲರೆ ಲೀಟರ್ ಬೇಕು. ಅಂಗಡಿಯಲ್ಲಿ ಬಣ್ಣ ಸಿಗುವುದು 1, 4, 10 ಮತ್ತು 20 ಲೀಟರಿನ ಅಳತೆಯಲ್ಲಿ. ದೊಡ್ಡ ಬಕೆಟ್ಟಿನಲ್ಲಿ ಲೀಟರಿನ ಬೆಲೆ ಇಳಿಯುವುದರಿಂದ ಚಿಲ್ಲರೆ ಡಬ್ಬಿಗಳನ್ನು ಕೂಡಿಸುವುದಕ್ಕಿಂತ 20 ಲೀಟರಿನ ಬಕೆಟ್ಟೇ ಎಷ್ಟೋ ಸಲ ಲಾಭ. ಮಿಕ್ಕಿದ್ದು ಮುಂದೆ ಟಚಪ್ಪಿಗೆ ಬರುತ್ತದೆ.

ಈಗ ಒಂದು ಮಾದರಿ ಲೆಕ್ಕ. ಇಲ್ಲಿನ ದರಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ಅವುಗಳ ಜಾಗದಲ್ಲಿ ತಮ್ಮ ಊರಿನ ಅಂಗಡಿಯ, ತಮ್ಮ ಊರಿನ ಕೂಲಿಯ ದರ ಹಾಕಿಕೊಳ್ಳಬೇಕು. ಎಮಲ್ಷನ್ ಲೀಟರಿಗೆ 250 ರೂಪಾಯಿಯಂತೆ 20 ಲೀಟರಿಗೆ 5,000. ಹೊರಗೋಡೆಯ ಪ್ರೈಮರ್ ಒಂದು ಕೋಟಿಗೆ 10 ಲೀಟರ್, 130ರಂತೆ 1,300. ಬಿರುಕು ತುಂಬುವ ಪೇಸ್ಟು, ಎಮರಿ ಕಾಗದ, ಬ್ರಷ್ಷು, ರೋಲರು ಎಲ್ಲ ಸೇರಿ 1,000. ಕೂಲಿ ದಿನಕ್ಕೆ 1,000 ಎಂದರೆ, ಹಳೆಯದನ್ನು ಕೆರೆದು ತೊಳೆಯಲು ಇಬ್ಬರಿಗೆ ಒಂದು ದಿನ, ಬಿರುಕು ಮುಚ್ಚಲು ಒಬ್ಬನಿಗೆ ಒಂದು ದಿನ, ಪ್ರೈಮರಿಗೆ ಒಂದು, ಎರಡು ಕೋಟಿಗೆ ಮೂರು, ಒಟ್ಟು ಏಳು ಆಳಿನ ಕೂಲಿ 7,000. ಗೇಟಿಗೆ ಎರಡು ಆಳಿನ ಕೂಲಿ 2,000, ರೆಡ್ ಆಕ್ಸೈಡು, ಎನಾಮೆಲ್, ಟರ್ಪೆಂಟೈನ್ ಸೇರಿ 700. ಕೂಡಿದರೆ 17,000 ರೂಪಾಯಿ.

ಈ ಮೊತ್ತದೊಳಗೆ ಎಮಲ್ಷನ್ನಿನ ಪಾಲು 5,000 ಮಾತ್ರ, ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಕೂಲಿ 9,000, ಅರ್ಧಕ್ಕಿಂತ ಹೆಚ್ಚು. ಲೀಟರಿಗೆ 250ರ ಬದಲು 200 ರೂಪಾಯಿಯ ಬಣ್ಣ ತಂದರೆ ಉಳಿಯುವುದು ಸಾವಿರ. ಅಷ್ಟೇ ಕೂಲಿ, ಅಷ್ಟೇ ಪ್ರೈಮರು, ಅಷ್ಟೇ ಧೂಳು. ಬಣ್ಣದ ಅಂಗಡಿಯಲ್ಲಿ ಗಂಟೆಗಟ್ಟಲೆ ಚೌಕಾಶಿ ಮಾಡುವವರು ನೋಡಬೇಕಾದದ್ದು ಈ ಪ್ರಮಾಣವನ್ನು. ಬೆಲೆಯಲ್ಲಿ ಮೇಲಿನ ದರ್ಜೆಯ ಬಣ್ಣಕ್ಕೂ ಕೆಳಗಿನ ದರ್ಜೆಯ ಬಣ್ಣಕ್ಕೂ ಇರುವ ಅಂತರ, ಒಂದು ವರ್ಷ ಮುಂಚೆಯೇ ಪೇಂಟರನ್ನು ಮತ್ತೆ ಕರೆಸುವ ಖರ್ಚಿನ ಮುಂದೆ ಚಿಕ್ಕದು.

ಕೆರೆಯುವ ಕೆಲಸಕ್ಕೆ ಬೆಲೆ ಕಟ್ಟುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಹಳೆಯ ಗೋಡೆಯ ಮೇಲೆ ಅಂಗೈ ಉಜ್ಜಿ ನೋಡಿದರೆ ಅದರ ಸ್ಥಿತಿ ತಿಳಿಯುತ್ತದೆ. ಕೈಗೆ ಮುಖಕ್ಕೆ ಹಚ್ಚುವ ಪೌಡರಿನಂಥ ಪುಡಿ ಅಂಟಿದರೆ ಹಳೆಯ ಬಣ್ಣದ ಬಂಧ ಬಿಸಿಲಿಗೆ ಸತ್ತು ಬರೀ ಪುಡಿ ಉಳಿದಿದೆ ಎಂದರ್ಥ. ಅದರ ಮೇಲೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದು ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಪುಡಿಯನ್ನು. ಪುಡಿ ಉದುರಿದ ದಿನ ಹೊಸ ಬಣ್ಣವೂ ಹಪ್ಪಳದಂತೆ ಎದ್ದು ಬರುತ್ತದೆ. ಪೇಂಟರು ಕಬ್ಬಿಣದ ಪಟ್ಟಿ ಹಿಡಿದು, ತಂತಿಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ನೀರು ಹೊಡೆದು ಗೋಡೆಯನ್ನು ಅದರ ಮೂಲ ಗಾರೆಗೆ ತರುವ ಹೊತ್ತು ಯಾರ ಕಣ್ಣಿಗೂ ಚೆಂದ ಕಾಣುವುದಿಲ್ಲ. ದಿನವೆಲ್ಲ ಕೆರೆದರೂ ಸಂಜೆಗೆ ಗೋಡೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಮನೆಯವರಿಗೆ ಅದು ಹಾಳಾದ ಕೂಲಿಯೆಂದು ತೋರುತ್ತದೆ, ಚೌಕಾಶಿಯಲ್ಲಿ ಮೊದಲು ಬೀಳುವುದೂ ಅದೇ ದಿನ. ಬಣ್ಣದ ಆಯಸ್ಸಿನಲ್ಲಿ ಹೆಚ್ಚಿನ ಪಾಲು ಆ ಒಂದು ದಿನದ್ದು. ಧೂಳು ಕುಡಿದು ಆ ಕೆಲಸ ಮಾಡುವವರಿಗೆ ಪೂರಾ ಕೂಲಿ, ಮೂಗಿಗೊಂದು ಮಾಸ್ಕು ಕೊಡುವುದು ನ್ಯಾಯವೂ ಹೌದು, ಮನೆಯವರ ಲಾಭವೂ ಹೌದು.

ಹಳೆಯ ಗೇಟು, ಕಿಟಕಿಕಂಬಿಗಳ ಎಣ್ಣೆಬಣ್ಣ ಕೆರೆಯುವಾಗ ಇನ್ನೊಂದು ಎಚ್ಚರ ಬೇಕು. ಹಿಂದಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸದ ಸಂಯುಕ್ತಗಳು ಧಾರಾಳವಾಗಿರುತ್ತಿದ್ದವು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿ, ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ದಶಲಕ್ಷದಲ್ಲಿ 90 ಭಾಗ ಮೀರಬಾರದೆಂದು ಮಿತಿ ಹಾಕಿತು. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಅದಕ್ಕೂ ಹಿಂದಿನ ಗೇಟಾದರೆ ಒಣಗಿದಂತೆಯೇ ಕೆರೆದು ಧೂಳೆಬ್ಬಿಸಬಾರದು. ನೀರು ಚಿಮುಕಿಸಿ, ನೀರಿನಲ್ಲಿ ಬಳಸುವ ಎಮರಿಯಿಂದ ಉಜ್ಜಿ, ಉದುರಿದ್ದನ್ನು ಹಳೆಯ ಪೇಪರಿನ ಮೇಲೆ ಹಿಡಿದು ಕಟ್ಟಿ ಬಿಸಾಡಬೇಕು. ಮಕ್ಕಳು ಆ ಹೊತ್ತಿಗೆ ಅಂಗಳದಲ್ಲಿ ಇರಕೂಡದು. ಮಗುವಿನ ಮಿದುಳಿಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು.

ಕಾಂಪೌಂಡಿನ ದುಡ್ಡು ಸೋರುವ ತೂತುಗಳು ಎರಡು: ತಲೆ ಮತ್ತು ಬುಡ. ತಲೆ ಚಪ್ಪಟೆಯಾಗಿದ್ದರೆ ಅಲ್ಲಿ ಮಳೆನೀರು ನಿಲ್ಲುತ್ತದೆ, ಸಣ್ಣ ಬಿರುಕಿನಿಂದ ಗೋಡೆಯೊಳಕ್ಕೆ ಇಳಿಯುತ್ತದೆ, ಆಮೇಲೆ ಬಣ್ಣವನ್ನು ಒಳಗಿನಿಂದ ಹೊರಕ್ಕೆ ನೂಕುತ್ತದೆ. ಗೋಡೆಯ ಮೇಲೆ ಉದ್ದುದ್ದಕ್ಕೆ ಇಳಿದಿರುವ ಕಪ್ಪು ಗೆರೆಗಳು ಈ ನೀರಿನದೇ ಗುರುತು. ತಲೆಯ ಮೇಲೆ ಒಂದು ಕಡೆಗೆ ಇಳಿಜಾರಾಗಿ ಸಿಮೆಂಟಿನ ಅಥವಾ ಕಲ್ಲಿನ ಕೋಪಿಂಗ್ ಕೂರಿಸಿ, ಅದು ಗೋಡೆಯಿಂದ ಒಂದಿಂಚು ಹೊರಕ್ಕೆ ಚಾಚಿ, ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಸಣ್ಣ ತೋಡು ಇದ್ದರೆ ಆ ಗೆರೆಗಳು ಬರುವುದೇ ಇಲ್ಲ. ಒಮ್ಮೆ ಮಾಡಿಸಿದರೆ ಬಣ್ಣದ ಎಷ್ಟೋ ಸರದಿಗಳನ್ನು ಅದು ಉಳಿಸುತ್ತದೆ. ಕಾಂಪೌಂಡಿಗೆ ಬಣ್ಣಕ್ಕೆಂದು ಇಟ್ಟ ದುಡ್ಡು ಕಡಿಮೆ ಬಿದ್ದರೆ, ಈ ವರ್ಷ ಕೋಪಿಂಗ್ ಮಾಡಿಸಿ ಬಣ್ಣವನ್ನು ಮುಂದಿನ ವರ್ಷಕ್ಕೆ ತಳ್ಳುವುದೇ ಜಾಣತನ.

ಬುಡದ ತೊಂದರೆ ಇನ್ನೂ ಹಠಮಾರಿ. ಮನೆಯ ಪಾಯದ ಮೇಲೆ ತೇವ ತಡೆಯುವ ಪದರ ಹಾಕುವವರೂ ಕಾಂಪೌಂಡಿಗೆ ಅದನ್ನು ಹಾಕುವುದಿಲ್ಲ. ಮಣ್ಣಿನ ತೇವ ಇಟ್ಟಿಗೆ, ಬ್ಲಾಕುಗಳ ಸಣ್ಣ ರಂಧ್ರಗಳ ಮೂಲಕ ಏರಿ, ಬರುವಾಗ ಮಣ್ಣಿನ ಮತ್ತು ಸಿಮೆಂಟಿನ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಗಾಳಿಗೆ ಆರಿಹೋಗುತ್ತದೆ, ಉಪ್ಪು ಗೋಡೆಯ ಮೈಮೇಲೆ ಬಿಳಿಯ ಹೂವಿನಂತೆ ಅರಳಿ ನಿಲ್ಲುತ್ತದೆ. ಕೆಳಗಿನ ಒಂದೆರಡು ಅಡಿಯಲ್ಲಿ ಬಣ್ಣ ಗುಳ್ಳೆಯೆದ್ದು ಸಿಪ್ಪೆಸಿಪ್ಪೆಯಾಗಿ ಬೀಳುವುದು ಇದರಿಂದ. ಆ ಉಪ್ಪನ್ನು ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಒಣ ಬ್ರಷ್ಷಿನಿಂದ ಉದುರಿಸಬೇಕು. ತೇವ ಬರದಿರಲೆಂದು ಅಲ್ಲಿಗೆ ಎಣ್ಣೆಬಣ್ಣ ಬಳಿಸುವವರಿದ್ದಾರೆ. ಅದು ತೇವವನ್ನು ಒಳಗೇ ಕೂಡಿಹಾಕಿ ಇನ್ನೂ ಬೇಗ ಎದ್ದು ಬರುತ್ತದೆ. ಹಳೆಯ ಮನೆಗಳ ಗೋಡೆಯ ಬುಡಕ್ಕೆ ಸುಣ್ಣದ ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದುದರ ಹಿಂದಿನ ತಿಳಿವಳಿಕೆ ಮೆಚ್ಚುವಂಥದ್ದು: ಕೆಸರಿನ ಕಲೆ ಅದರಲ್ಲಿ ಕಾಣದು, ತೇವ ಅದರ ಮೂಲಕ ಉಸಿರಾಡುತ್ತದೆ, ಹಾಳಾದರೆ ಹಬ್ಬಕ್ಕೆ ಮೊದಲು ಮನೆಯವರೇ ಮತ್ತೆ ಬಳಿಯಬಹುದು. ಇಂದಿಗೂ ಬುಡದ ಒಂದಡಿಯನ್ನು ಬೇರೆ ಗಾಢ ಬಣ್ಣದ ಪಟ್ಟೆಯಾಗಿ ಬಿಟ್ಟರೆ ವರ್ಷವರ್ಷ ಅದಷ್ಟನ್ನೇ ತಿದ್ದಿಕೊಳ್ಳಬಹುದು; ಇಡೀ ಗೋಡೆ ಮುಟ್ಟಬೇಕಾಗಿಲ್ಲ.

ಸುಣ್ಣದ ಮಾತು ಬಂದಿತಾದ್ದರಿಂದ ಅದರ ಖರ್ಚೂ ಹೇಳಬೇಕು. ಬಳಿಯುವ ಸಾಮಗ್ರಿಗಳಲ್ಲೆಲ್ಲ ಅಗ್ಗವಾದದ್ದು ಇಂದಿಗೂ ಸುಣ್ಣವೇ. ಅರಳಿಸಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಗೋಂದು, ಚಿಟಿಕೆ ನೀಲಿ ಸೇರಿಸಿದರೆ ಹಿಡಿತವೂ ಬಿಳುಪೂ ಹೆಚ್ಚುತ್ತವೆ. ಅದು ಎರಡು ಮಳೆಗಾಲ ದಾಟುವುದು ಕಷ್ಟ, ಆದರೆ ವರ್ಷಕ್ಕೊಮ್ಮೆ ಮನೆಯವರೇ ಬಳಿಯುವ ಕಡೆ ಕೂಲಿಯೇ ಇಲ್ಲ. ಒಂದು ವಿಷಯ ಮಾತ್ರ ನೆನಪಿರಬೇಕು. ಸುಣ್ಣದ ಮೇಲೆ ನೇರವಾಗಿ ಎಮಲ್ಷನ್ ನಿಲ್ಲುವುದಿಲ್ಲ. ವರ್ಷಾನುಗಟ್ಟಲೆ ಸುಣ್ಣ ಕುಡಿದ ಕಾಂಪೌಂಡಿಗೆ ಎಮಲ್ಷನ್ ಬಳಿಸಲು ಹೊರಟರೆ, ಆ ಎಲ್ಲ ಪದರಗಳನ್ನು ಕೆರೆಸುವ ಕೂಲಿ ಬಣ್ಣದ ಬೆಲೆಯನ್ನೇ ಮೀರಬಹುದು. ಅಂಥ ಗೋಡೆಯನ್ನು ಸುಣ್ಣಕ್ಕೇ ಬಿಡುವುದು ಒಳ್ಳೆಯದು. ಸಿಮೆಂಟ್ ಪೇಂಟು ಸುಣ್ಣಕ್ಕೂ ಎಮಲ್ಷನ್ನಿಗೂ ನಡುವಿನದು. ಅಗ್ಗ, ಒರಟು ಗಾರೆಗೆ ಹೇಳಿಮಾಡಿಸಿದ್ದು; ಬಳಿಯುವ ಮೊದಲು ಗೋಡೆ ನೆನೆಸಬೇಕು, ಬಳಿದ ಮೇಲೆ ನೀರು ಹೊಡೆದು ಕ್ಯೂರಿಂಗ್ ಮಾಡಬೇಕು. ಆ ನೀರು ತಪ್ಪಿದರೆ ಅದೂ ಪುಡಿಯೇ.

ಹೊಸ ಕಾಂಪೌಂಡಿಗೆ ಅವಸರ ಸಲ್ಲದು. ಹಸಿ ಗಾರೆಯ ಕ್ಷಾರ ಬಣ್ಣದ ಬಂಧವನ್ನೂ ಬಣ್ಣದ ಕಣಗಳನ್ನೂ ಸುಡುತ್ತದೆ. ಕಡಿಮೆಯೆಂದರೆ 28 ದಿನ ಗಾರೆ ಆರಬೇಕು. ಒಂದು ಮಳೆಗಾಲ ಕಳೆದರೆ ಇನ್ನೂ ಲೇಸು. ಗೃಹಪ್ರವೇಶದ ದಿನಕ್ಕೆ ಕಾಂಪೌಂಡು ಹೊಳೆಯಲೇಬೇಕೆಂದು ಗಾರೆ ಹಾಕಿದ ವಾರಕ್ಕೇ ಬಣ್ಣ ಬಳಿಸಿದರೆ ಒಂದೇ ವರ್ಷದಲ್ಲಿ ಎರಡು ಸಲ ಖರ್ಚು. ಆ ದಿನಕ್ಕೆಂದು ಪ್ರೈಮರನ್ನಷ್ಟೇ ಹೊಡೆಸಲೂಬಾರದು. ಅದಕ್ಕೂ ಅದೇ ಕ್ಷಾರದ ಕಾಟ. ಬೂದುಬಣ್ಣದ ಗಾರೆಯ ಕಾಂಪೌಂಡಿಗೆ ಮಾವಿನ ತೋರಣ ಕಟ್ಟಿದರೂ ಹಬ್ಬ ಹಬ್ಬವೇ.

ಬಣ್ಣ ಯಾವುದು ಎಂಬುದೂ ಖರ್ಚನ್ನು ಬದಲಿಸುತ್ತದೆ. ತಿಳಿ ಬಣ್ಣಗಳಿಗೆ ಮೈಮುಚ್ಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಕೇರಳದ ಕಡಲತೀರದ ಕಪ್ಪು ಮರಳಿನ ಖನಿಜದಿಂದ ಚವರದ ಕಾರ್ಖಾನೆ ತಯಾರಿಸುವುದು ಇದನ್ನೇ. ಅಂಗಡಿಯ ಯಂತ್ರದಲ್ಲಿ ‘ಬೇಸ್’ ಎನ್ನುವ ಬಿಳಿ ಮೂಲಬಣ್ಣಕ್ಕೆ ಒಂದೆರಡು ಹನಿ ಬಣ್ಣ ಬಿದ್ದರೆ ಕೆನೆ, ತಿಳಿಹಳದಿ, ಬೂದು ಆಗುತ್ತದೆ, ಬೆಲೆ ಹೆಚ್ಚು ಏರುವುದಿಲ್ಲ. ಗಾಢ ಕೆಂಪು, ಕಿತ್ತಳೆ, ಕಡುನೀಲಿಗೆ ಬೇಸೇ ಬೇರೆ, ಹಾಕಬೇಕಾದ ಬಣ್ಣವೂ ಹೆಚ್ಚು, ಬೆಲೆಯೂ ಹೆಚ್ಚು. ಉಜ್ವಲ ಕೆಂಪು ಹಳದಿಗಳಲ್ಲಿ ಹಲವು ಬಿಸಿಲಿಗೆ ಬೇಗ ಮಾಸುತ್ತವೆ. ಇಟ್ಟಿಗೆಗೆಂಪು, ಕಾವಿಯಂಥ ಮಣ್ಣಿನ ಬಣ್ಣಗಳು ಕಬ್ಬಿಣದ ಆಕ್ಸೈಡಿನವು. ಬಿಸಿಲು ಅವುಗಳನ್ನು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ.

ಊರಿಂದ ಊರಿಗೆ ಲೆಕ್ಕ ಬದಲಾಗುವುದು ಹವೆಯಿಂದ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಅದರ ಮೂರೂವರೆ ಪಟ್ಟು, ಆಗುಂಬೆಯಲ್ಲಿ ಏಳು ಪಟ್ಟಿಗೂ ಮೇಲೆ. ಮಲೆನಾಡು, ಕರಾವಳಿಯ ಕಾಂಪೌಂಡಿಗೆ ಬಣ್ಣಕ್ಕಿಂತ ಮೊದಲು ಪಾಚಿಯ ಚಿಂತೆ. ಕಪ್ಪು ಹಸಿರು ಪಾಚಿಯನ್ನು ಕೆರೆದು, ಬ್ಲೀಚಿಂಗ್ ಪೌಡರಿನ ನೀರು ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ತೊಳೆದು ಒಣಗಿಸದಿದ್ದರೆ ಅದು ಹೊಸ ಬಣ್ಣದ ಅಡಿಯಿಂದಲೇ ಮತ್ತೆ ಹೊರಬರುತ್ತದೆ. ಈ ಕೆಲಸಕ್ಕೆ ಒಂದು ದಿನದ ಕೂಲಿ ಹೆಚ್ಚಿಗೆ ಹಿಡಿಯಬೇಕು, ಬಣ್ಣವನ್ನೂ ಪಾಚಿ ತಡೆಯುವ ದರ್ಜೆಯದನ್ನೇ ತರಬೇಕು. ಮುರಕಲ್ಲಿನ ಗೋಡೆಯಾದರೆ ಗಾರೆ, ಬಣ್ಣ ಎರಡನ್ನೂ ಬಿಟ್ಟು ನೀರು ಹೀರದಂತೆ ಮಾಡುವ ಸಿಲಿಕೋನ್ ದ್ರವ ಹೊಡೆಸಿದರೆ ಕಲ್ಲಿನ ಬಣ್ಣವೇ ಚೆಂದವಾಗಿ ಉಳಿಯುತ್ತದೆ. ಸೈಜುಗಲ್ಲಿನ ಕಾಂಪೌಂಡಿಗಂತೂ ಬಣ್ಣ ಬಳಿಯುವುದು ಕಲ್ಲಿಗೆ ಮಾಡುವ ಅನ್ಯಾಯ. ಒಮ್ಮೆ ಬಳಿದರೆ ಮುಂದೆ ಪ್ರತಿ ಸಲವೂ ಬಳಿಯಬೇಕು. ಕಾರವಾರ, ಮಲ್ಪೆಗಳಂಥ ಕಡಲ ಮಗ್ಗುಲಿನ ಊರುಗಳಲ್ಲಿ ಗೋಡೆಗಿಂತ ಗೇಟು ಹೆಚ್ಚು ಬಾಧೆಪಡುತ್ತದೆ. ಗಾಳಿಯ ಉಪ್ಪು ಕಂಬಿಗಳ ಸಂದಿಯಲ್ಲಿ ಕೂತು ತುಕ್ಕು ಎಬ್ಬಿಸುತ್ತದೆ. ಬಳಿಯುವ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಲೇಬೇಕು. ಇತ್ತ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾದ ಗೋಡೆಗೆ ಬಳಿದ ಬಣ್ಣ ಹಿಡಿದುಕೊಳ್ಳುವ ಮೊದಲೇ ಒಣಗಿ ಪಟ್ಟೆಪಟ್ಟೆಯಾಗುತ್ತದೆ. ಅಲ್ಲಿ ಬೆಳಗಿನ ತಂಪಿನಲ್ಲಿ, ಗೋಡೆಯ ನೆರಳು ಬಿದ್ದ ಮುಖ ನೋಡಿಕೊಂಡು ಕೆಲಸ ನಡೆಯಬೇಕು.

ಕಬ್ಬಿಣದ ಗೇಟಿನ ಬಗ್ಗೆ ಇನ್ನೂ ಒಂದು ಮಾತು. ವೆಲ್ಡಿಂಗ್ ಶಾಪಿನಿಂದ ಗೇಟು ಬರುವಾಗಲೇ ರೆಡ್ ಆಕ್ಸೈಡ್ ಬಳಿದುಕೊಂಡು ಬರುತ್ತದೆ. ಅದು ಬಣ್ಣವಲ್ಲ, ಬಣ್ಣಕ್ಕೆ ಹಿಡಿತ ಕೊಡುವ ಪದರ. ತಿಂಗಳುಗಟ್ಟಲೆ ಅದನ್ನು ಮಳೆಗೆ ಬಿಟ್ಟರೆ ಅದರ ಅಡಿಯಿಂದಲೇ ತುಕ್ಕು ಬರುತ್ತದೆ, ಮತ್ತೆ ಉಜ್ಜಿ ಮತ್ತೆ ಬಳಿಯುವ ಖರ್ಚು ಬೀಳುತ್ತದೆ. ಎನಾಮೆಲ್ ಒಂದು ಕೋಟು ಚೆನ್ನಾಗಿ ಒಣಗಲು ಒಂದು ರಾತ್ರಿ ಬೇಕಾದ್ದರಿಂದ ಗೇಟಿನ ಕೆಲಸ ಸಣ್ಣದಾದರೂ ಎರಡು ಮೂರು ದಿನಕ್ಕೆ ಹರಡುತ್ತದೆ. ಗೋಡೆಯ ಕೆಲಸದ ಜೊತೆಗೇ ಹೊಂದಿಸಿಕೊಂಡರೆ ಆ ಬಿಡುವಿನ ಕೂಲಿ ಉಳಿಯುತ್ತದೆ. ಸತು ಲೇಪಿಸಿದ ಚೈನ್‌ಲಿಂಕ್ ಜಾಲರಿಗೆ ಬಣ್ಣದ ಅಗತ್ಯವೇ ಇಲ್ಲ. ಹೊಸ ಸತುವಿನ ಮೇಲೆ ಸಾಮಾನ್ಯ ಎನಾಮೆಲ್ ನಿಲ್ಲುವುದೂ ಇಲ್ಲ. ಅದರ ಆಂಗಲ್ ಕಂಬಗಳಿಗೆ ಮಾತ್ರ ಬಳಿದರೆ ಸಾಕು.

ಮರದ ಬೇಲಿ ಕರ್ನಾಟಕದ ಊರುಗಳಲ್ಲಿ ಕಡಿಮೆ, ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಉಂಟು. ಅದರ ಅಳತೆ ಕಣ್ಣಿಗೆ ಮೋಸ ಮಾಡುತ್ತದೆ. ಮೂರಿಂಚು ಅಗಲ, ಒಂದಿಂಚು ದಪ್ಪದ ಪಟ್ಟಿಗಳನ್ನು ಎರಡೆರಡು ಇಂಚು ಸಂದಿ ಬಿಟ್ಟು ನಿಲ್ಲಿಸಿದ 100 ಅಡಿ ಉದ್ದ, 4 ಅಡಿ ಎತ್ತರದ ಬೇಲಿ ಒಂದು ಕಡೆಯಿಂದ 400 ಚದರಡಿ. ಪ್ರತಿ ಪಟ್ಟಿಯ ಸುತ್ತಳತೆ ಎಂಟು ಇಂಚು. ಐದಿಂಚು ಬೇಲಿಗೆ ಅಂಥದೊಂದು ಪಟ್ಟಿ. ಅಲ್ಲಿಗೆ ಪಟ್ಟಿಗಳದ್ದೇ 640 ಚದರಡಿ, ಅಡ್ಡಪಟ್ಟಿ ಕಂಬಗಳು ಸೇರಿದರೆ 800 ದಾಟುತ್ತದೆ. ಸಂದಿ ಇದೆಯೆಂದು ಬಣ್ಣವೇನೂ ಉಳಿಯಲಿಲ್ಲ. ಪೂರ್ತಿ ಮುಚ್ಚಿದ ಹಲಗೆಯ ಎರಡೂ ಮುಖದಷ್ಟೇ ಆಯಿತು, ಬ್ರಷ್ಷಿನ ಕೆಲಸ ಮಾತ್ರ ದುಪ್ಪಟ್ಟು.

ಮರಕ್ಕೆ ಬಣ್ಣವೋ ಸ್ಟೇನೋ ಎಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ. ಬಣ್ಣ ಮರದ ಮೇಲೆ ಪೊರೆಯಾಗಿ ಕೂರುತ್ತದೆ, ಬಿಸಿಲನ್ನು ಪೂರ್ತಿ ತಡೆಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಎದ್ದು ಬರಲು ಶುರುವಾದರೆ ಮಾತ್ರ ಎಲ್ಲವನ್ನೂ ಕೆರೆಯಬೇಕು. ಸ್ಟೇನ್ ಮರದ ಒಳಕ್ಕೆ ಇಳಿಯುತ್ತದೆ, ಎಳೆ ಕಾಣುತ್ತದೆ, ಬೇಗ ಮಾಸುತ್ತದೆ. ಆದರೆ ಸಿಪ್ಪೆ ಏಳುವುದಿಲ್ಲವಾದ್ದರಿಂದ ತೊಳೆದು ಒಣಗಿಸಿ ಅದರ ಮೇಲೇ ಇನ್ನೊಂದು ಕೋಟು ಎಳೆಯಬಹುದು. ಕೂಲಿ ದುಬಾರಿಯಾದ ಕಡೆ ಸ್ಟೇನಿನ ಈ ಗುಣ ದೊಡ್ಡದು. ಅರಗಿನ ಪಾಲಿಷ್ ಮಾತ್ರ ಬೇಲಿಗೆ ಆಗದು. ಒಳಾಂಗಣದ ಪೀಠೋಪಕರಣಕ್ಕೆ ಅರಗು ಕೊಡುವ ಮೆರುಗೇ ಬೇರೆ. ಮಳೆನೀರು ಬಿದ್ದರೆ ಅದು ಬಿಳಿಚಿಕೊಳ್ಳುತ್ತದೆ. ಕರಾವಳಿಯ ಜನ ಮರಕ್ಕೆ ಬಳಸಿಕೊಂಡು ಬಂದದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಕಡುಕಂದು ಬಣ್ಣದ ಈ ಎಣ್ಣೆ ಗೆದ್ದಲನ್ನೂ ನೀರನ್ನೂ ದೂರವಿಡುತ್ತದೆ, ಗೇರುಬೀಜದ ಕಾರ್ಖಾನೆಗಳಿರುವ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಚರ್ಮಕ್ಕೆ ತಗುಲಿದರೆ ಸುಟ್ಟು ಬೊಬ್ಬೆ ಎಬ್ಬಿಸುವುದರಿಂದ ಕೈಗವಸು ಇಲ್ಲದೆ ಮುಟ್ಟಬಾರದು.

ಕೆಲಸ ಒಪ್ಪಿಸುವ ರೀತಿ ಎರಡು: ಸಾಮಾನು ಸಮೇತ ಗುತ್ತಿಗೆ, ಇಲ್ಲವೇ ಬರೀ ಲೇಬರ್. ಸಮೇತ ಕೊಟ್ಟರೆ ತಲೆನೋವು ಕಡಿಮೆ, ಬಣ್ಣಕ್ಕೆ ಎಷ್ಟು ನೀರು ಬಿತ್ತೆಂದು ತಿಳಿಯುವುದು ಕಷ್ಟ. ಪರೀಕ್ಷೆ ಸರಳ: 815 ಚದರಡಿಗೆ ಎರಡು ಕೋಟು ಆಯಿತೆಂದು ಹೇಳಿ ಖಾಲಿಯಾದದ್ದು 10 ಲೀಟರಾದರೆ, ಒಂದೋ ಎರಡನೇ ಕೋಟು ಬಿದ್ದಿಲ್ಲ, ಇಲ್ಲವೇ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬಿದ್ದಿದೆ. ದರ ಕೇಳುವಾಗ ಕೆರೆಯುವುದು, ಪ್ರೈಮರು, ಎಷ್ಟು ಕೋಟು, ಯಾವ ದರ್ಜೆಯ ಬಣ್ಣ, ತೆರಿಗೆ ಸೇರಿದೆಯೋ ಇಲ್ಲವೋ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಇಬ್ಬರಿಗೂ ಒಳ್ಳೆಯದು. ಬಣ್ಣದ ಮೇಲಿನ ಜಿಎಸ್‌ಟಿ 2018ರ ಜುಲೈಯಲ್ಲಿ 28ರಿಂದ ಶೇ 18ಕ್ಕೆ ಇಳಿಯಿತು. ಡಬ್ಬಿಯ ಮೇಲಿನ ಗರಿಷ್ಠ ಬೆಲೆಯಲ್ಲಿ ಅದು ಸೇರಿಯೇ ಇರುತ್ತದೆ. ಕೆಲವು ಬಣ್ಣದ ಬಕೆಟ್ಟುಗಳಲ್ಲಿ ಪೇಂಟರುಗಳಿಗೆಂದು ಟೋಕನ್ ಇಡುವ ಪದ್ಧತಿಯಿದೆ. ಇದೇ ಬಣ್ಣ ಬೇಕೆಂಬ ಸಲಹೆ ಅದರಿಂದಲೂ ಬಂದಿರಬಹುದಾದ್ದರಿಂದ ಹೋಲಿಸಿ ನೋಡುವುದು ಮನೆಯವರ ಕೆಲಸ.

ಹೊತ್ತಿನ ಆಯ್ಕೆಯೂ ದುಡ್ಡೇ. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಪೇಂಟರುಗಳಿಗೆ ಬಿಡುವಿಲ್ಲ, ಕೂಲಿ ಏರಿರುತ್ತದೆ, ಗೋಡೆಗಳು ಮುಂಗಾರಿನ ನೀರು ಕುಡಿದು ಇನ್ನೂ ಹಸಿಯಾಗಿರುತ್ತವೆ. ದೀಪಾವಳಿ ಕಳೆದು ಚಳಿಯ ಒಣಗಾಳಿ ಬೀಸುವ ದಿನಗಳಿಂದ ಶಿವರಾತ್ರಿಯವರೆಗಿನ ಕಾಲ ಕಾಂಪೌಂಡಿಗೆ ಎಲ್ಲ ರೀತಿಯಿಂದಲೂ ಅನುಕೂಲ. ಗೋಡೆ ಆರಿದೆಯೋ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಸಂಜೆ ಗೋಡೆಗೆ ಅಂಟಿಸಿ ಬಿಡಬೇಕು. ಮರುದಿನ ಬಿಸಿಲೇರುವ ಮೊದಲು ಅದರ ಒಳಮೈಯಲ್ಲಿ ಹನಿಗಳು ಕಂಡರೆ ಇನ್ನೆರಡು ವಾರ ಕಾಯಬೇಕು.

ಆಮೇಲೆ ವರ್ಷದ ಲೆಕ್ಕ. ಕೆರೆದು, ಪ್ರೈಮರ್ ಹಾಕಿ, ಎರಡು ಕೋಟು ಬಳಿದ 17,000 ರೂಪಾಯಿಯ ಕೆಲಸ ಐದು ವರ್ಷ ಬಾಳಿದರೆ ವರ್ಷಕ್ಕೆ 3,400. ಕೆರೆಯದೆ, ಪ್ರೈಮರ್ ಇಲ್ಲದೆ, ಒಂದು ತೆಳು ಕೋಟಿನಲ್ಲಿ 8,000ಕ್ಕೆ ಮುಗಿಸಿದ್ದು ಎರಡು ವರ್ಷಕ್ಕೆ ಎದ್ದರೆ ವರ್ಷಕ್ಕೆ 4,000. ಅದರ ಮೇಲೆ ಮುಂದಿನ ಸಲ ಕೆರೆಯುವ ಕೂಲಿ ಹೆಚ್ಚು. ಒಮ್ಮೆಗೇ ಅಷ್ಟು ದುಡ್ಡು ಹೊಂದದವರು ಅರ್ಧ ಕೆಲಸವನ್ನು ಇಡೀ ಕಾಂಪೌಂಡಿಗೆ ಮಾಡಿಸುವುದಕ್ಕಿಂತ, ಪೂರ್ತಿ ಕೆಲಸವನ್ನು ರಸ್ತೆ ಕಡೆಯ ಗೋಡೆಗೂ ಗೇಟಿಗೂ ಈ ವರ್ಷ, ಉಳಿದ ಮೂರು ಬದಿಗೆ ಮುಂದಿನ ವರ್ಷ ಎಂದು ಹಂಚಿಕೊಳ್ಳಬಹುದು. ಹಾಗೆ ಮಾಡುವಾಗ ಬಣ್ಣದ ಸಂಖ್ಯೆ, ಬೇಸು, ದರ್ಜೆ ಬರೆದ ಬಕೆಟ್ಟಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಮಿಕ್ಕ ಬಣ್ಣವನ್ನು, ಅದಕ್ಕೆ ನೀರು ಬೆರೆಸಿರದಿದ್ದರೆ, ಚಿಕ್ಕ ಡಬ್ಬಿಗೆ ಅಂಚಿನವರೆಗೂ ತುಂಬಿ, ಮುಚ್ಚಳ ಬಿಗಿದು ನೆರಳಿನಲ್ಲಿಟ್ಟರೆ, ಮಳೆಗಾಲ ಕಳೆದ ಮೇಲೆ ಬುಡದಲ್ಲಿ ಎದ್ದ ಒಂದೆರಡು ಗುಳ್ಳೆಗಳನ್ನು ಕೆರೆದು ತಿದ್ದಲು ಸಾಕಾಗುತ್ತದೆ.